ಆತಂಕಮಾಪನ ಪ್ರಶ್ನಾವಳಿಗಳು ಮತ್ತು ಮಂಗಳೂರಿನ ಮಗುವಿನ ಭಾಷೆ

ಮಕ್ಕಳ ಹಾಗೂ ಹದಿಹರೆಯದವರ ಆತಂಕವನ್ನು ಅಳೆಯುವ ಪ್ರಶ್ನಾವಳಿಗಳು ಮೇಲ್ನೋಟಕ್ಕೆ ಮನೋವಿಜ್ಞಾನದ ಸಾಧನಗಳು; ಮೂಲತಃ ಅವು ಭಾಷಿಕ ಪಠ್ಯಗಳು. ಮಗುವು ಪ್ರಶ್ನೆಯನ್ನು ಹೇಗೆ ಅರ್ಥೈಸಿಕೊಳ್ಳುತ್ತದೆ ಎಂಬುದರ ಮೇಲೆ ಅಂಕ ನಿಂತಿದೆ. ಬಹುಭಾಷಿಕ ಮಂಗಳೂರಿನ ಹಿನ್ನೆಲೆಯಲ್ಲಿ ಈ ಅಂಶವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಶ್ನಾವಳಿಗಳ ಸ್ವರೂಪ

ರೆನಾಲ್ಡ್ಸ್ ಮತ್ತು ರಿಚ್ಮಂಡ್ 1978ರಲ್ಲಿ ಪರಿಷ್ಕರಿಸಿದ ಮಾಪನದಲ್ಲಿ 'ಹೌದು', 'ಇಲ್ಲ' ಎಂದು ಉತ್ತರಿಸುವ 37 ಹೇಳಿಕೆಗಳಿದ್ದವು. ಬಿರ್ಮಾಹರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ 'ಸ್ಕೇರ್ಡ್' ಪ್ರಶ್ನಾವಳಿ 1999ರಲ್ಲಿ 41 ಹೇಳಿಕೆಗಳಿಗೆ ವಿಸ್ತರಿಸಿತು. ಪ್ರತಿ ಹೇಳಿಕೆಗೆ 0, 1 ಅಥವಾ 2 ಅಂಕ. ಒಟ್ಟು 25 ಅಥವಾ ಅದಕ್ಕಿಂತ ಹೆಚ್ಚಾದರೆ ತಜ್ಞರ ಪರಿಶೀಲನೆ ಅಗತ್ಯವೆಂದು ಭಾವಿಸಲಾಗುತ್ತದೆ. ಆಸ್ಟ್ರೇಲಿಯಾದ ಸೂಸನ್ ಸ್ಪೆನ್ಸ್ ಅವರ ಮಾಪನದಲ್ಲಿ 44 ಹೇಳಿಕೆಗಳಿದ್ದು, 38ಕ್ಕೆ ಮಾತ್ರ ಅಂಕ ನೀಡಲಾಗುತ್ತದೆ. ಇವೆಲ್ಲವೂ ಇಂಗ್ಲಿಷಿನಲ್ಲಿ ರೂಪುಗೊಂಡವು. ಅಂಕವು ಸೂಚನೆಯೇ ಹೊರತು ರೋಗನಿರ್ಣಯವಲ್ಲ.

ಪದದ ಸಮಸ್ಯೆ

ಮಂಗಳೂರಿನ ಅನೇಕ ಮಕ್ಕಳ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡವು ಅವರಿಗೆ ಹೆಚ್ಚಾಗಿ ಶಾಲೆಯ ಭಾಷೆ. 'ಆತಂಕ', 'ಉದ್ವೇಗ' ಮೊದಲಾದವು ಅವರಿಗೆ ಪಠ್ಯಪುಸ್ತಕದ ಶಬ್ದಗಳು. 'ಆತಂಕ'ಕ್ಕೆ ಕನ್ನಡದಲ್ಲಿ 'ಅಡ್ಡಿ' ಎಂಬ ಅರ್ಥವೂ ಇದೆ. ಇದನ್ನು ಬಿಟ್ಟು 'ಹೆದರಿಕೆ' ಎಂದರೆ ಮಗುವಿಗೆ ತಿಳಿಯುತ್ತದೆ; ತುಳುವಿನ 'ಪೋಡಿಗೆ', ಕೊಂಕಣಿಯ 'ಭ್ಯೆಂ' ಅದಕ್ಕೆ ಹತ್ತಿರದವು. ಆದರೆ ಎದುರಿನ ನಾಯಿಗೆ ಹೆದರುವುದಕ್ಕೂ ನಾಳೆಯ ಪರೀಕ್ಷೆಯನ್ನು ನೆನೆದು ನಿದ್ದೆಗೆಡುವುದಕ್ಕೂ ಇರುವ ಅಂತರ ಆಗ ಅಳಿಸಿಹೋಗುತ್ತದೆ. 'ಎದೆ ಡವಡವ ಎನ್ನುವುದು', 'ಹೊಟ್ಟೆ ತೊಳಸುವುದು' ಮುಂತಾದ ದೇಹದ ನುಡಿಗಳು ಇಲ್ಲಿ ಹೆಚ್ಚು ನೆರವಾಗಬಲ್ಲವು.

ಸಂಸ್ಕೃತಿಯ ಸಮಸ್ಯೆ

ಒಲೆಂಡಿಕ್ ಅವರು 1983ರಲ್ಲಿ ಪರಿಷ್ಕರಿಸಿದ, 80 ಅಂಶಗಳುಳ್ಳ ಭಯಸಮೀಕ್ಷೆಯಲ್ಲಿ ದೆವ್ವಗಳ ಭಯವೂ ಸೇರಿದೆ. ಅಲ್ಲಿನ ಪದವನ್ನು 'ಭೂತ' ಎಂದು ಅನುವಾದಿಸಿದರೆ ಬಯಲುಸೀಮೆಯಲ್ಲಿ ತೊಡಕಾಗದಿರಬಹುದು. ತುಳುನಾಡಿನಲ್ಲಿ ಭೂತವೆಂದರೆ ದೈವ. ಮನೆತನ ನಂಬಿ ಕೋಲ ಕೊಡುವ ಶಕ್ತಿ. ಅಂತಹ ಮನೆಯ ಮಗುವಿನ 'ಹೌದು' ಎಂಬ ಉತ್ತರ ಭಯಭಕ್ತಿಯದಾಗಿರಬಹುದು, ಅದು ವ್ಯಾಧಿಯ ಲಕ್ಷಣವಲ್ಲ.

ಪ್ರಮಾಣಸೂಚಕಗಳು ಮತ್ತು ಅನುವಾದವಿಧಾನ

ಸ್ಪೆನ್ಸ್ ಮಾಪನದ ನಾಲ್ಕು ಹಂತಗಳಲ್ಲಿ ನಡುವಿನ ಎರಡನ್ನು 'ಕೆಲವೊಮ್ಮೆ', 'ಆಗಾಗ' ಎಂದರೆ ಅವುಗಳ ಅಂತರ ಎಳೆಯರಿಗೆ ಸ್ಪಷ್ಟವಾಗದು. 'ವಾರದಲ್ಲಿ ಎಷ್ಟು ದಿನ' ಎಂಬಂತಹ ವಿವರಣೆ ಬೇಕಾಗುತ್ತದೆ. ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಮರುಅನುವಾದ ವಿಧಾನ ಉಪಯುಕ್ತವಾದರೂ, ಇಬ್ಬರು ವಿದ್ವಾಂಸರಿಗೆ ಒಪ್ಪಿಗೆಯಾದ ವಾಕ್ಯ ಒಂಬತ್ತು ವರ್ಷದ ಮಗುವಿಗೆ ಅರ್ಥವಾಗಿದೆಯೆಂದು ಅದು ಸಾಧಿಸದು. ಪ್ರತಿ ಪ್ರಶ್ನೆಯನ್ನೂ ಮಗು ತನ್ನ ಮಾತಿನಲ್ಲಿ ಮರಳಿ ಹೇಳುವಂತೆ ಮಾಡುವುದು ಅನಿವಾರ್ಯ. 'ಸ್ಕೇರ್ಡ್'ಗೆ ಪೋಷಕರ ಆವೃತ್ತಿಯೂ ಇದೆ. ಮಗು ಕನ್ನಡದಲ್ಲಿ ಓದಿ, ತಾಯಿ ಬ್ಯಾರಿಯಲ್ಲಿ ಕೇಳಿ ಉತ್ತರಿಸಿದಾಗ ಅಂಕಗಳು ಭಿನ್ನವಾದರೆ, ಅದು ದೃಷ್ಟಿಯ ಭೇದವೋ ಭಾಷೆಯ ಭೇದವೋ ತಿಳಿಯದು.

ಉಪಸಂಹಾರ

ತಪ್ಪು ಪದದ ಬೆಲೆಯನ್ನು ತೆರುವುದು ಮಗು. ಅಂಕ ಕಡಿಮೆಯಾದರೆ ಸಂಕಟ ಕಾಣದೆ ಉಳಿಯುತ್ತದೆ. ಹೆಚ್ಚಾದರೆ ಸ್ವಸ್ಥ ಮಗುವಿಗೆ ಹಣೆಪಟ್ಟಿ ಅಂಟುತ್ತದೆ. 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟನ್ನು ಅಚ್ಚಿಗೆ ಕೊಟ್ಟ ಊರು ಮಂಗಳೂರು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರವರೆಗೆ ತುಳು ನಿಘಂಟಿನ ಆರು ಸಂಪುಟಗಳನ್ನು ಹೊರತಂದಿತು. ಶಬ್ದಸಂಪತ್ತು ಸಿದ್ಧವಿದೆ. ಅದನ್ನು ಮಗುವಿನ ನಾಲಗೆಯ ಮೇಲಿಟ್ಟು ಪರೀಕ್ಷಿಸುವ ಕೆಲಸದಲ್ಲಿ ಮನೋವಿಜ್ಞಾನಿಯ ಜೊತೆಗೆ ಭಾಷಾಧ್ಯಯನಕಾರನೂ ಕುಳಿತುಕೊಳ್ಳಬೇಕಾಗಿದೆ.