ಕಟ್ಟಳೆ ಮಾಡಿದವರ ಹೊಣೆ

ಬೆಳೆಯನ್ನು ಕಾಯಲೆಂದು ರೈತನು ಹೊಲದ ಸುತ್ತ ಬೇಲಿ ಹಾಕುತ್ತಾನೆ. ದನಕರುಗಳು ನುಗ್ಗಿದರೆ ಅವನು ಅವುಗಳನ್ನು ಅಟ್ಟುತ್ತಾನೆ; ಅವುಗಳ ಮೇಲೆ ಅವನಿಗೆ ಬಹಳ ಹೊತ್ತು ಸಿಟ್ಟು ಉಳಿಯುವುದಿಲ್ಲ. ಆದರೆ ಬೇಲಿಯೇ ಎದ್ದು ಹೊಲವನ್ನು ಮೇಯತೊಡಗಿದರೆ ಅವನು ಯಾರಲ್ಲಿ ದೂರಬೇಕು? ನಮ್ಮ ಹಿರಿಯರು ಈ ಗಾದೆಯನ್ನು ಹೇಳಿದ್ದು ಮುಳ್ಳಿನ ಬೇಲಿಯನ್ನು ಕುರಿತಲ್ಲ; ಕಾಯಬೇಕಾದವರೇ ಕೆಡಿಸಿದಾಗ ಜನಮನದಲ್ಲಿ ಹುಟ್ಟುವ ಸಂಕಟವನ್ನು ಕುರಿತು.

ಮನುಷ್ಯರು ಕೂಡಿ ಬಾಳಬೇಕಾದರೆ ಕಟ್ಟಳೆಗಳು ಅವಶ್ಯಕ. ಕಟ್ಟಳೆಗಳನ್ನು ಜನರು ಎರಡು ಕಾರಣಗಳಿಂದ ಪಾಲಿಸುತ್ತಾರೆ. ಮೊದಲನೆಯದು ದಂಡದ ಭಯ. ಎರಡನೆಯದು, ಈ ಕಟ್ಟಳೆ ಎಲ್ಲರ ಹಿತಕ್ಕಾಗಿ ಇದೆ, ಎಲ್ಲರಿಗೂ ಒಂದೇ ಆಗಿದೆ ಎಂಬ ನಂಬಿಕೆ. ಪ್ರತಿಯೊಂದು ಮನೆಯ ಬಾಗಿಲಲ್ಲಿಯೂ ಪೊಲೀಸನನ್ನು ನಿಲ್ಲಿಸಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಆದುದರಿಂದ ಭಯಕ್ಕಿಂತ ನಂಬಿಕೆಯೇ ದೊಡ್ಡದು. ಕಟ್ಟಳೆಯನ್ನು ಮಾಡಿದವರೇ ಅದನ್ನು ಮುರಿದರೆ ಈ ನಂಬಿಕೆ ಏನಾಗುತ್ತದೆ? 2020ರಿಂದ 2023ರವರೆಗೆ ಬ್ರಿಟನ್ ದೇಶದಲ್ಲಿ ನಡೆದ ಘಟನೆಗಳು ಈ ಪ್ರಶ್ನೆಗೆ ಉತ್ತರವನ್ನು ಕೊಡುತ್ತವೆ.

2020ರ ಆರಂಭದಲ್ಲಿ ಕೋವಿಡ್ ಎಂಬ ಸಾಂಕ್ರಾಮಿಕ ರೋಗವು ಜಗತ್ತಿನ ಬಹುಭಾಗವನ್ನು ಆವರಿಸಿತು. ಆ ವರ್ಷದ ಮಾರ್ಚ್ 23ರ ರಾತ್ರಿ ಬ್ರಿಟನ್ನಿನ ಪ್ರಧಾನಮಂತ್ರಿ ಬೋರಿಸ್ ಜಾನ್ಸನ್ ಅವರು ದೂರದರ್ಶನದ ಮೂಲಕ ದೇಶವನ್ನು ಉದ್ದೇಶಿಸಿ ಮಾತನಾಡಿದರು. ಎಲ್ಲರೂ ಮನೆಯಲ್ಲಿಯೇ ಇರಬೇಕು; ಅಗತ್ಯ ವಸ್ತುಗಳನ್ನು ಕೊಳ್ಳುವುದಕ್ಕೆ, ದಿನಕ್ಕೊಮ್ಮೆ ವ್ಯಾಯಾಮಕ್ಕೆ, ವೈದ್ಯಕೀಯ ಕಾರಣಗಳಿಗೆ, ಮನೆಯಿಂದ ಮಾಡಲಾಗದ ಅನಿವಾರ್ಯ ಕೆಲಸಕ್ಕೆ ಮಾತ್ರ ಹೊರಗೆ ಬರಬಹುದು; ಒಂದೇ ಮನೆಯವರನ್ನು ಬಿಟ್ಟರೆ ಹೊರಗೆ ಇಬ್ಬರಿಗಿಂತ ಹೆಚ್ಚು ಜನರು ಸೇರಕೂಡದು ಎಂದು ಅವರು ಸಾರಿದರು. ಮದುವೆಗಳು ನಿಂತುಹೋದವು. ಶವಸಂಸ್ಕಾರಕ್ಕೆ ಅನುಮತಿಯಿದ್ದರೂ ಬೆರಳೆಣಿಕೆಯ ಬಂಧುಗಳು ಮಾತ್ರ ಬರಬಹುದಾಗಿತ್ತು.

ಈ ಕಟ್ಟಳೆಗಳನ್ನು ಪಾಲಿಸುವುದು ಸುಲಭವಾಗಿರಲಿಲ್ಲ. ಆಸ್ಪತ್ರೆಯಲ್ಲಿ ಸಾಯುತ್ತಿರುವ ತಾಯಿಯನ್ನು ಮಕ್ಕಳು ನೋಡಲಾಗಲಿಲ್ಲ. ದಾದಿಯೊಬ್ಬಳು ಹಿಡಿದ ದೂರವಾಣಿಯ ತೆರೆಯ ಮೇಲೆಯೇ ಕಡೆಯ ಮಾತುಗಳನ್ನಾಡಬೇಕಾಯಿತು. ವೃದ್ಧಾಶ್ರಮಗಳಲ್ಲಿದ್ದ ಅಜ್ಜ ಅಜ್ಜಿಯರಿಗೆ ಮೊಮ್ಮಕ್ಕಳು ಕಿಟಕಿಯ ಗಾಜಿನಾಚೆಯಿಂದ ಕೈಬೀಸಿ ಮರಳಿದರು. ಆದರೂ ಬಹುಮಂದಿ ಕಟ್ಟಳೆಯನ್ನು ಮೀರಲಿಲ್ಲ. ತಾವು ಮನೆಯಲ್ಲಿದ್ದರೆ ಎಲ್ಲಿಯೋ ಯಾರದೋ ಜೀವ ಉಳಿಯುತ್ತದೆ ಎಂದು ಅವರು ನಂಬಿದ್ದರು. ಇದು ಎಲ್ಲರಿಗೂ ಬಂದ ಕಷ್ಟ, ಎಲ್ಲರೂ ಹಂಚಿಕೊಂಡ ಕಷ್ಟ ಎಂಬ ಸಮಾಧಾನವೂ ಅವರಿಗಿತ್ತು. ಪ್ರಧಾನಮಂತ್ರಿಗಳು ತಾವೇ ಏಪ್ರಿಲ್ ತಿಂಗಳಿನಲ್ಲಿ ಆ ರೋಗಕ್ಕೆ ತುತ್ತಾಗಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ತುರ್ತು ನಿಗಾ ಘಟಕದಲ್ಲಿದ್ದು ಬದುಕಿ ಬಂದರು. ಆಗ ಅವರನ್ನು ವಿರೋಧಿಸುತ್ತಿದ್ದವರೂ ಅವರ ಆರೋಗ್ಯಕ್ಕಾಗಿ ಹಾರೈಸಿದರು.

ನಂಬಿಕೆಯಲ್ಲಿ ಬಿರುಕು ಕಾಣಿಸಿಕೊಂಡದ್ದು ಬೇಗನೆ. ಸ್ಕಾಟ್ಲೆಂಡಿನ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಕ್ಯಾಥರೀನ್ ಕಾಲ್ಡರ್‌ವುಡ್ ಅವರು ಜನರಿಗೆ ಮನೆಯಲ್ಲಿರಿ ಎಂದು ಬುದ್ಧಿ ಹೇಳುತ್ತ, ತಾವು ಮಾತ್ರ ಕಡಲತೀರದ ತಮ್ಮ ಎರಡನೆಯ ಮನೆಗೆ ಹೋಗಿಬಂದದ್ದು ಪತ್ರಿಕೆಯಲ್ಲಿ ಪ್ರಕಟವಾಯಿತು. 2020ರ ಏಪ್ರಿಲ್ 5ರಂದು ಅವರು ಕ್ಷಮೆ ಕೇಳಿ, ಅದೇ ರಾತ್ರಿ ಪದವಿಯನ್ನು ತ್ಯಜಿಸಿದರು. ಜನರ ಕೋಪವು ಅಲ್ಲಿಗೆ ತಣ್ಣಗಾಯಿತು.

ಮೇ 22ರಂದು ಇನ್ನೊಂದು ಸುದ್ದಿ ಹೊರಬಿತ್ತು. ಪ್ರಧಾನಮಂತ್ರಿಗಳ ಮುಖ್ಯ ಸಲಹೆಗಾರರಾಗಿದ್ದ ಡೊಮಿನಿಕ್ ಕಮಿಂಗ್ಸ್ ಅವರು, ಮನೆಯಲ್ಲಿ ರೋಗದ ಶಂಕೆಯಿದ್ದಾಗ ಪತ್ನಿ ಮತ್ತು ಮಗುವಿನೊಡನೆ ಲಂಡನ್ನಿನಿಂದ ಸುಮಾರು 420 ಕಿಲೋಮೀಟರು ದೂರದ ಡರಮ್ ಪ್ರಾಂತಕ್ಕೆ ಕಾರಿನಲ್ಲಿ ಹೋಗಿದ್ದರು. ಅಲ್ಲಿಂದ ಒಂದು ದಿನ ಬಾರ್ನರ್ಡ್ ಕ್ಯಾಸಲ್ ಎಂಬ ಊರಿಗೂ ಹೋಗಿಬಂದಿದ್ದರು. ಮಗುವನ್ನು ನೋಡಿಕೊಳ್ಳುವವರು ಬೇಕಾಗಿತ್ತು, ದೀರ್ಘ ಪ್ರಯಾಣಕ್ಕೆ ಮುನ್ನ ಕಣ್ಣಿನ ದೃಷ್ಟಿ ಸರಿಯಾಗಿದೆಯೇ ಎಂದು ಪರೀಕ್ಷಿಸಿಕೊಂಡೆ ಎಂದು ಅವರು ಕಾರಣ ಕೊಟ್ಟರು. ಡರಮ್‌ಗೆ ಹೋದದ್ದು ಅಪರಾಧವಲ್ಲ, ಎರಡನೆಯ ಪ್ರಯಾಣವು ಕಿರಿದಾದ ಉಲ್ಲಂಘನೆ ಇದ್ದಿರಬಹುದು ಎಂದು ಅಲ್ಲಿನ ಪೊಲೀಸರು ಅಭಿಪ್ರಾಯಪಟ್ಟರು. ಕಮಿಂಗ್ಸರು ಕ್ಷಮೆ ಕೇಳಲಿಲ್ಲ. ಪ್ರಧಾನಮಂತ್ರಿಗಳು ಅವರನ್ನು ಸಮರ್ಥಿಸಿದರು.

ತಪ್ಪು ಕಿರಿದೇ ಇರಬಹುದು. ಅದರ ಪರಿಣಾಮ ಕಿರಿದಾಗಿರಲಿಲ್ಲ. ತಮ್ಮ ಮಕ್ಕಳಿಗೂ ಜ್ವರ ಬಂದಿತ್ತು, ತಮಗೂ ನೆರವು ಬೇಕಾಗಿತ್ತು, ಆದರೂ ತಾವು ಕದಲಲಿಲ್ಲ ಎಂದು ಬರೆದ ಪತ್ರಗಳು ಪಾರ್ಲಿಮೆಂಟಿನ ಸದಸ್ಯರಿಗೆ ಸಾವಿರಾರು ಸಂಖ್ಯೆಯಲ್ಲಿ ಬಂದವು. ಆಡಳಿತ ಪಕ್ಷದ ಕಿರಿಯ ಮಂತ್ರಿಯೊಬ್ಬರು ರಾಜೀನಾಮೆ ಕೊಟ್ಟರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಆ ದಿನಗಳಲ್ಲಿ ಸುಮಾರು 40,000 ಜನರ ಅಭಿಪ್ರಾಯಗಳನ್ನು ಸಂಗ್ರಹಿಸುತ್ತಿದ್ದರು. ಮೇ 22ರ ನಂತರ ಇಂಗ್ಲೆಂಡಿನಲ್ಲಿ ಸರ್ಕಾರದ ಮೇಲಿನ ವಿಶ್ವಾಸವು ಸ್ಪಷ್ಟವಾಗಿ ಕುಸಿಯಿತೆಂದೂ, ತಮ್ಮದೇ ಸರ್ಕಾರಗಳಿದ್ದ ಸ್ಕಾಟ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ಅಂತಹ ಕುಸಿತ ಕಾಣಲಿಲ್ಲವೆಂದೂ ಅವರು ಕಂಡುಕೊಂಡರು. ನಂಬಿಕೆ ಎಂಬುದು ಕಣ್ಣಿಗೆ ಕಾಣದ ವಸ್ತುವಾದರೂ ಅದು ಮುರಿದ ದಿನವನ್ನು ಗುರುತಿಸಬಹುದೆಂದು ಈ ಅಧ್ಯಯನ ತೋರಿಸಿತು.

ಇದಕ್ಕಿಂತ ದೊಡ್ಡ ಆಘಾತ ಮುಂದೆ ಕಾದಿತ್ತು. ಕಟ್ಟಳೆಗಳು ಜಾರಿಯಲ್ಲಿದ್ದ ಕಾಲದಲ್ಲಿ, ಪ್ರಧಾನಮಂತ್ರಿಗಳ ನಿವಾಸವೂ ಕಚೇರಿಯೂ ಆದ ಡೌನಿಂಗ್ ಬೀದಿಯಲ್ಲಿಯೇ ಔತಣಕೂಟಗಳು ನಡೆದಿದ್ದವೆಂದು 2021ರ ನವೆಂಬರ್ ಕೊನೆಯಲ್ಲಿ ಪತ್ರಿಕೆಯೊಂದು ಬಯಲುಮಾಡಿತು. ಎಲ್ಲ ನಿಯಮಗಳನ್ನೂ ಪಾಲಿಸಲಾಗಿತ್ತು ಎಂದು ಜಾನ್ಸನ್ನರು ಕಾಮನ್ಸ್ ಸಭೆಯಲ್ಲಿ ಉತ್ತರಿಸಿದರು. ಕೆಲವೇ ದಿನಗಳಲ್ಲಿ ಒಂದು ಚಿತ್ರಮುದ್ರಿಕೆ ದೂರದರ್ಶನದಲ್ಲಿ ಪ್ರಸಾರವಾಯಿತು. ಅಂತಹ ಒಂದು ಕೂಟದ ಬಗ್ಗೆ ಪತ್ರಕರ್ತರು ಕೇಳಿದರೆ ಏನು ಹೇಳುವುದೆಂದು ಕಚೇರಿಯ ಸಿಬ್ಬಂದಿ ನಗುತ್ತ ಅಭ್ಯಾಸ ಮಾಡುತ್ತಿದ್ದ ದೃಶ್ಯ ಅದು. ಆ ಕೂಟವು 2020ರ ಡಿಸೆಂಬರ್ 18ರಂದು ನಡೆದಿತ್ತು. ಅದರ ಮರುದಿನವೇ ಲಂಡನ್ನಿನ ಜನರಿಗೆ, ಕ್ರಿಸ್ಮಸ್ ಹಬ್ಬಕ್ಕೆ ಬಂಧುಗಳ ಮನೆಗೆ ಹೋಗಬೇಡಿ ಎಂದು ಸರ್ಕಾರವು ಆಜ್ಞಾಪಿಸಿತ್ತು. ಕೂಟಕ್ಕಿಂತ ಹೆಚ್ಚಾಗಿ ಆ ನಗೆಯು ಜನರ ಎದೆಯನ್ನು ಚುಚ್ಚಿತು.

ಇನ್ನೊಂದು ಸಂಗತಿ ಇಡೀ ದೇಶವನ್ನು ಕಲಕಿತು. 2021ರ ಏಪ್ರಿಲ್ 17ರಂದು ರಾಣಿ ಎಲಿಜಬೆತ್ ಅವರ ಪತಿ ಫಿಲಿಪ್ ಅವರ ಅಂತ್ಯಕ್ರಿಯೆ ವಿಂಡ್ಸರಿನಲ್ಲಿ ನಡೆಯಿತು. 73 ವರ್ಷಗಳ ದಾಂಪತ್ಯ ಮುಗಿದಿತ್ತು. ಆದರೂ ಕಟ್ಟಳೆಯಂತೆ 30 ಜನರು ಮಾತ್ರ ಸೇರಿದರು. 94 ವರ್ಷದ ರಾಣಿಯವರು ಮುಖಗವಸು ಧರಿಸಿ ಪ್ರಾರ್ಥನಾಮಂದಿರದಲ್ಲಿ ಒಬ್ಬರೇ ಕುಳಿತಿದ್ದರು. ಅದರ ಹಿಂದಿನ ರಾತ್ರಿ ಡೌನಿಂಗ್ ಬೀದಿಯಲ್ಲಿ ಸಿಬ್ಬಂದಿಯ ಎರಡು ಬೀಳ್ಕೊಡುಗೆ ಕೂಟಗಳು ನಡೆದಿದ್ದವು. ಪ್ರಧಾನಮಂತ್ರಿಗಳು ಆ ದಿನ ಅಲ್ಲಿರಲಿಲ್ಲವಾದರೂ ಅವರ ಕಚೇರಿಯು ಅರಮನೆಯ ಕ್ಷಮೆಯನ್ನು ಕೇಳಬೇಕಾಯಿತು. ಒಂದೇ ಕಟ್ಟಳೆ: ಒಂದೆಡೆ ಅದನ್ನು ಪಾಲಿಸಿದ ಏಕಾಂಗಿ ವೃದ್ಧೆ, ಇನ್ನೊಂದೆಡೆ ಅದನ್ನು ಮರೆತ ಗುಂಪು. ಈ ಎರಡು ಚಿತ್ರಗಳನ್ನು ಜನರು ಅಕ್ಕಪಕ್ಕದಲ್ಲಿಟ್ಟು ನೋಡಿದರು.

ವಿಚಾರಣೆ ನಡೆಯಿತು. ಹಿರಿಯ ಅಧಿಕಾರಿ ಸ್ಯೂ ಗ್ರೇ ಅವರ ಪೂರ್ಣ ವರದಿಯು 2022ರ ಮೇ 25ರಂದು ಪ್ರಕಟವಾಯಿತು. ನಾಯಕತ್ವದ ಲೋಪವನ್ನು ಅದು ಎತ್ತಿ ತೋರಿಸಿತು. ಕಚೇರಿಯ ಕಾವಲುಗಾರರನ್ನೂ ಕಸಗುಡಿಸುವವರನ್ನೂ ಕೆಲವರು ಅಗೌರವದಿಂದ ಕಂಡದ್ದನ್ನೂ ದಾಖಲಿಸಿತು. ಲಂಡನ್ನಿನ ಪೊಲೀಸರು 83 ಜನರಿಗೆ ಒಟ್ಟು 126 ದಂಡಗಳನ್ನು ವಿಧಿಸಿದರು. 2020ರ ಜೂನ್ 19ರಂದು ಮಂತ್ರಿಮಂಡಲದ ಕೊಠಡಿಯಲ್ಲಿ ನಡೆದ ತಮ್ಮ ಹುಟ್ಟುಹಬ್ಬದ ಕೂಟಕ್ಕಾಗಿ ಜಾನ್ಸನ್ನರೂ ದಂಡ ತೆತ್ತರು. ಅಧಿಕಾರದಲ್ಲಿದ್ದಾಗಲೇ ಕಾನೂನನ್ನು ಮುರಿದರೆಂದು ದಂಡಕ್ಕೆ ಗುರಿಯಾದ ಮೊದಲನೆಯ ಬ್ರಿಟಿಷ್ ಪ್ರಧಾನಮಂತ್ರಿ ಅವರು. ದಂಡದ ಮೊತ್ತ ಅಲ್ಪ. ಆದರೆ ಕಳೆದುಕೊಂಡದ್ದು ಅಲ್ಪವಲ್ಲ. ಸುಮಾರು 23,000 ಮತಗಳ ಅಂತರದಿಂದ ಹಿಂದೆ ಗೆದ್ದಿದ್ದ ಉತ್ತರ ಶ್ರಾಪ್‌ಷೈರ್ ಕ್ಷೇತ್ರವನ್ನು ಅವರ ಪಕ್ಷವು 2021ರ ಡಿಸೆಂಬರಿನ ಉಪಚುನಾವಣೆಯಲ್ಲಿ ಕಳೆದುಕೊಂಡಿತು. 2022ರ ಜುಲೈ ತಿಂಗಳಿನಲ್ಲಿ ಬೇರೊಂದು ಪ್ರಕರಣದಿಂದ ಮಂತ್ರಿಗಳು ಸಾಲುಸಾಲಾಗಿ ರಾಜೀನಾಮೆ ಕೊಟ್ಟಾಗ ಜಾನ್ಸನ್ನರು ಪದತ್ಯಾಗವನ್ನು ಘೋಷಿಸಬೇಕಾಯಿತು. ಅಷ್ಟು ಹೊತ್ತಿಗೆ ಅವರ ಮಾತನ್ನು ನಂಬುವವರು ವಿರಳರಾಗಿದ್ದರು. ಅವರು ಉದ್ದೇಶಪೂರ್ವಕವಾಗಿ ಸಭೆಯನ್ನು ದಾರಿತಪ್ಪಿಸಿದರೆಂದು ಪಾರ್ಲಿಮೆಂಟಿನ ಹಕ್ಕುಬಾಧ್ಯತಾ ಸಮಿತಿಯು 2023ರ ಜೂನ್‌ನಲ್ಲಿ ನಿರ್ಣಯಿಸಿತು. ಆ ಸಮಿತಿಯಲ್ಲಿ ಹೆಚ್ಚಿನವರು ಅವರ ಪಕ್ಷದವರೇ ಆಗಿದ್ದರು. ಕಾಮನ್ಸ್ ಸಭೆಯು 354 ಮತಗಳಿಗೆ 7ರಂತೆ ಈ ವರದಿಯನ್ನು ಒಪ್ಪಿಕೊಂಡಿತು. ತಾವು ಅಂತಹ ಉದ್ದೇಶದಿಂದ ನಡೆದುಕೊಳ್ಳಲಿಲ್ಲವೆಂಬುದು ಕೊನೆಯವರೆಗೂ ಜಾನ್ಸನ್ನರ ವಾದವಾಗಿತ್ತು.

ತಪ್ಪು ಮಾಡಿದ ನಾಯಕರು ಬ್ರಿಟನ್ನಿನಲ್ಲಿ ಮಾತ್ರವೇ ಇದ್ದರೆಂದು ತಿಳಿಯಬಾರದು. ನಾರ್ವೆ ದೇಶದ ಪ್ರಧಾನಮಂತ್ರಿ ಎರ್ನಾ ಸೂಲ್‌ಬರ್ಗ್ ಅವರು 2021ರ ಫೆಬ್ರವರಿಯಲ್ಲಿ ಗೈಲೋ ಎಂಬ ಗಿರಿಧಾಮದಲ್ಲಿ ತಮ್ಮ 60ನೆಯ ಹುಟ್ಟುಹಬ್ಬವನ್ನು ಆಚರಿಸಿದರು. ಹತ್ತು ಜನರಿಗಿಂತ ಹೆಚ್ಚು ಸೇರಬಾರದೆಂಬ ನಿಯಮವಿತ್ತು. ಅವರ ಕುಟುಂಬದವರು ಹದಿಮೂರು ಮಂದಿ ಇದ್ದರು. ಸುದ್ದಿ ಹೊರಬಿದ್ದೊಡನೆ ಅವರು ಜನರ ಕ್ಷಮೆ ಕೇಳಿದರು. ಪೊಲೀಸರು ಅವರಿಗೆ 20,000 ಕ್ರೋನರ್ ದಂಡ ವಿಧಿಸಿದರು. ಇಂತಹ ಬಹುತೇಕ ಪ್ರಕರಣಗಳಲ್ಲಿ ದಂಡ ವಿಧಿಸುತ್ತಿರಲಿಲ್ಲ. ಆದರೆ ನಿರ್ಬಂಧಗಳನ್ನು ಜಾರಿಗೆ ತಂದವರಲ್ಲಿ ಅವರೇ ಮುಂದಾಳುಗಳಾದ್ದರಿಂದ, ಜನರ ವಿಶ್ವಾಸವನ್ನು ಉಳಿಸಲು ದಂಡ ಅಗತ್ಯವಾಯಿತು ಎಂದು ಪೊಲೀಸ್ ಅಧಿಕಾರಿಗಳು ವಿವರಿಸಿದರು. ಪ್ರಧಾನಮಂತ್ರಿಗಳು ಅದನ್ನು ಒಪ್ಪಿ ದಂಡ ತೆತ್ತರು. ಪದವಿ ಹಿರಿದಾದಷ್ಟೂ ರಿಯಾಯಿತಿ ಹೆಚ್ಚಬೇಕೆಂದು ಕೆಲವರು ಎಣಿಸುತ್ತಾರೆ. ಪದವಿ ಹಿರಿದಾದಷ್ಟೂ ಹೊಣೆಯೇ ಹೆಚ್ಚುತ್ತದೆ ಎಂಬುದನ್ನು ಈ ನಿದರ್ಶನದಿಂದ ತಿಳಿಯಬಹುದು.

ಜನರು ಇಷ್ಟು ಕೋಪಗೊಳ್ಳಲು ಕಾರಣವೇನು? ಒಂದು ಲೋಟ ದ್ರಾಕ್ಷಾರಸಕ್ಕಾಗಿ, ಒಂದು ತುಂಡು ಹುಟ್ಟುಹಬ್ಬದ ತಿಂಡಿಗಾಗಿ ಇಷ್ಟೊಂದು ಗದ್ದಲವೇ ಎಂದು ಕೇಳಿದವರೂ ಉಂಟು. ಆದರೆ ಜನರು ಅಳೆದದ್ದು ಆ ಲೋಟವನ್ನಲ್ಲ. ತಾವು ತೆತ್ತ ಬೆಲೆಯನ್ನು. ತಾಯಿಯ ಕೊನೆಯ ಗಳಿಗೆಯಲ್ಲಿ ಬಳಿಯಲ್ಲಿರದೆ ಕಟ್ಟಳೆಯನ್ನು ಪಾಲಿಸಿದವನಿಗೆ, ಅದು ಕರ್ತವ್ಯವಾಗಿತ್ತು ಎಂಬ ಒಂದೇ ಸಮಾಧಾನ ಉಳಿದಿತ್ತು. ಕಟ್ಟಳೆ ಮಾಡಿದವರೇ ಅದನ್ನು ಲೆಕ್ಕಿಸಲಿಲ್ಲವೆಂದು ತಿಳಿದಾಗ ಆ ಸಮಾಧಾನವೂ ಹೋಯಿತು. ತಾನು ಕರ್ತವ್ಯನಿಷ್ಠನೋ, ಬರಿಯ ಮುಗ್ಧನೋ ಎಂಬ ಸಂದೇಹ ಅವನನ್ನು ಕಾಡಿತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ನಾವು ನಗುತ್ತ ಹೇಳುವ ಮಾತು, ದುಃಖದಲ್ಲಿರುವವರ ಪಾಲಿಗೆ ನಗೆಯ ಮಾತಲ್ಲ.

ಇಲ್ಲಿ ಇನ್ನೊಂದು ಅಂಶವನ್ನು ಮರೆಯಬಾರದು. ನಾಯಕರು ಮುರಿದರೆಂಬ ಕಾರಣಕ್ಕೆ ಕಟ್ಟಳೆಯೇ ಸುಳ್ಳಾಗುವುದಿಲ್ಲ. ಡೌನಿಂಗ್ ಬೀದಿಯಲ್ಲಿ ಕೂಟ ನಡೆದುದರಿಂದ ರೋಗವು ಸೌಮ್ಯವಾಗಲಿಲ್ಲ. 'ಅವರೇ ಪಾಲಿಸದಿದ್ದ ಮೇಲೆ ನಾನೇಕೆ ಪಾಲಿಸಲಿ?' ಎಂದು ಪ್ರತಿಯೊಬ್ಬನೂ ಹೊರಟಿದ್ದರೆ ಹಾನಿಯಾಗುತ್ತಿದ್ದುದು ನಾಯಕರಿಗಲ್ಲ, ನೆರೆಮನೆಯ ವೃದ್ಧರಿಗೆ. ಬೇಲಿ ಹೊಲ ಮೇಯ್ದಾಗ ಮಾಡಬೇಕಾದುದು ಬೇಲಿಯನ್ನು ಸರಿಪಡಿಸುವುದೇ ಹೊರತು, ದನಗಳೊಡನೆ ತಾವೂ ಹೊಲಕ್ಕೆ ನುಗ್ಗುವುದಲ್ಲ. ಪ್ರಶ್ನಿಸುವ ಪತ್ರಿಕೆಗಳು, ವಿಚಾರಿಸುವ ಪಾರ್ಲಿಮೆಂಟು, ಭೇದವಿಲ್ಲದೆ ದಂಡ ವಿಧಿಸುವ ಕಾನೂನು, ಮತ ಹಾಕುವ ಪ್ರಜೆ ಇವೇ ಆ ಬೇಲಿಯನ್ನು ಸರಿಪಡಿಸುವ ಸಾಧನಗಳು.

ಲಂಡನ್ನಿನ ಥೇಮ್ಸ್ ನದಿಯ ದಂಡೆಯ ಮೇಲೆ, ಪಾರ್ಲಿಮೆಂಟಿನ ಎದುರಿಗೆ ಒಂದು ಉದ್ದನೆಯ ಗೋಡೆಯಿದೆ. ಜಾನ್ಸನ್ನರು ಚಿಕಿತ್ಸೆ ಪಡೆದ ಸೇಂಟ್ ಥಾಮಸ್ ಆಸ್ಪತ್ರೆಯ ಮುಂದಿನ ಗೋಡೆಯೇ ಅದು. ಕೋವಿಡ್ ರೋಗದಿಂದ ಆಪ್ತರನ್ನು ಕಳೆದುಕೊಂಡವರು 2021ರ ಮಾರ್ಚ್ ಕೊನೆಯಿಂದ ಅದರ ಮೇಲೆ ಕೆಂಪು ಹೃದಯದ ಚಿತ್ರಗಳನ್ನು ಬರೆಯತೊಡಗಿದರು. ಒಂದು ಜೀವಕ್ಕೆ ಒಂದು ಚಿತ್ರ. ಅವು ಲಕ್ಷವನ್ನೂ ಮೀರಿ ಬೆಳೆದವು. ಪಾರ್ಲಿಮೆಂಟಿನ ಸದಸ್ಯರು ತಲೆಯೆತ್ತಿ ನದಿಯಾಚೆ ನೋಡಿದರೆ ಆ ಗೋಡೆ ಕಾಣುತ್ತದೆ. ಕಟ್ಟಳೆಗಳನ್ನು ಮಾಡುವವರು ಯಾರಿಗೆ ಉತ್ತರ ಹೇಳಬೇಕೆಂಬುದನ್ನು ಅದು ಮಾತಿಲ್ಲದೆ ನೆನಪಿಸುತ್ತದೆ.

ಅಭ್ಯಾಸ

1. ಜನರು ಕಟ್ಟಳೆಗಳನ್ನು ಪಾಲಿಸುವುದಕ್ಕೆ ಲೇಖಕರು ಕೊಡುವ ಎರಡು ಕಾರಣಗಳು ಯಾವುವು? ಅವುಗಳಲ್ಲಿ ಯಾವುದು ಹೆಚ್ಚಿನದು? ಏಕೆ?
2. ಕಾಲ್ಡರ್‌ವುಡ್ ಮತ್ತು ಕಮಿಂಗ್ಸ್ ಅವರ ನಡವಳಿಕೆಗಳಲ್ಲಿರುವ ವ್ಯತ್ಯಾಸವನ್ನು ವಿವರಿಸಿರಿ.
3. ನಾರ್ವೆಯ ಪೊಲೀಸರು ಪ್ರಧಾನಮಂತ್ರಿಗಳಿಗೆ ದಂಡ ವಿಧಿಸಿದ್ದು ಸರಿಯೆಂದು ನಿಮಗೆ ತೋರುತ್ತದೆಯೇ? ಕಾರಣ ಕೊಡಿರಿ.
4. 'ಜನರು ಅಳೆದದ್ದು ಆ ಲೋಟವನ್ನಲ್ಲ. ತಾವು ತೆತ್ತ ಬೆಲೆಯನ್ನು.' ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.