ಜಾಲತಾಣಕ್ಕೊಂದು ಗೂಡು

ಸಂಜೆಯ ಹೊತ್ತು ಊರ ಕೆರೆಯ ಏರಿಯ ಮೇಲೆ ಕುಳಿತು ನೀರಿನ ಕಡೆ ನೋಡಿದರೆ ಮಿಂಚುಳ್ಳಿಗಳು ಕಣ್ಣಿಗೆ ಬೀಳುವುದುಂಟು. ಸ್ವಲ್ಪ ಹೊತ್ತು ತಾಳ್ಮೆಯಿಂದ ಗಮನಿಸಿದರೆ ಅವೆಲ್ಲವೂ ಒಂದೇ ಬಗೆಯವಲ್ಲವೆಂದು ತಿಳಿಯುವುದು. ಕಪ್ಪು ಬಿಳುಪಿನ ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಮೀನು ಕಂಡೊಡನೆ ತಲೆಕೆಳಗಾಗಿ ಧುಮುಕುವುದು. ಚಿಕ್ಕ ನೀಲಿ ಮಿಂಚುಳ್ಳಿ ದಡದ ತಗ್ಗಾದ ಕೊಂಬೆಯಲ್ಲಿ ಕಾದು ಕುಳಿತು, ಅಂಚಿನ ನೀರಿನ ಸಣ್ಣ ಮೀನುಗಳನ್ನು ಹಿಡಿಯುವುದು. ಎದೆ ಬೆಳ್ಳಗಿರುವ ಮತ್ತೊಂದು ಮಿಂಚುಳ್ಳಿಯಂತೂ ಕೆರೆಯೊಂದನ್ನೇ ನಂಬಿಕೊಂಡಿಲ್ಲ; ಗದ್ದೆ ತೋಟಗಳ ಮಿಡತೆ, ಏಡಿ, ಕಪ್ಪೆ, ಹಲ್ಲಿಗಳಿಂದಲೂ ಅದು ಹೊಟ್ಟೆ ಹೊರೆಯುವುದು. ಕೆರೆ ಒಂದೇ, ಹಕ್ಕಿಗಳು ಮೂರು, ಕಸಬುಗಳೂ ಮೂರು.

ಇಂದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಸ್ವಂತ ಜಾಲತಾಣವೊಂದನ್ನು ಕಟ್ಟಿ, ಅದರಿಂದ ನಾಲ್ಕು ಕಾಸು ಸಂಪಾದಿಸಬೇಕೆಂದು ಬಯಸುತ್ತಾರೆ. ಬಯಕೆ ತಪ್ಪಲ್ಲ. ಆದರೆ ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆ ಬಂದೊಡನೆ ಬಹುಮಂದಿ ಎಲ್ಲರೂ ಇರುವ ಕಡೆಗೇ ಓಡುತ್ತಾರೆ: ಆರೋಗ್ಯ, ಕ್ರಿಕೆಟ್, ಸಿನಿಮಾ, ಮೊಬೈಲ್ ಫೋನು. ಎರಡು ವರ್ಷಗಳ ಸಂಜೆಗಳನ್ನು ಇದಕ್ಕೆ ಸುರಿದ ಮೇಲೆ, ಓದುಗರಿಲ್ಲದೆ, ಬೇಸತ್ತು ಬಿಟ್ಟುಬಿಡುತ್ತಾರೆ. ಈ ಸೋಲಿಗೆ ಅವರ ಸೋಮಾರಿತನ ಕಾರಣವಲ್ಲ. ಆಯ್ಕೆಯ ದೋಷವೇ ಕಾರಣ. ಆ ದೋಷವೇನೆಂಬುದನ್ನು ಮಿಂಚುಳ್ಳಿಗಳ ಶಾಸ್ತ್ರವಾದ ಜೀವವಿಜ್ಞಾನದ ನೆರವಿನಿಂದಲೇ ನಾವು ವಿಚಾರ ಮಾಡೋಣ.

ಗೂಡು ಎಂದರೇನು?

ಹಳೆಯ ಮನೆಗಳ ಗೋಡೆಯಲ್ಲಿ ದೀಪವಿಡಲು ಒಂದು ಗೂಡು ಇರುತ್ತಿತ್ತು. ದೀಪದ ಅಳತೆಗೆ ತಕ್ಕಂತೆ ಗೂಡು, ಗೂಡಿನ ಅಳತೆಗೆ ತಕ್ಕಂತೆ ದೀಪ. ಇಂಗ್ಲಿಷಿನಲ್ಲಿ ಇಂತಹ ಗೂಡಿಗೆ 'ನಿಚ್' ಎಂದು ಹೆಸರು. ಅಮೆರಿಕದ ಜೋಸೆಫ್ ಗ್ರಿನೆಲ್ ಎಂಬ ಪ್ರಾಣಿಶಾಸ್ತ್ರಜ್ಞನು 1917ರಲ್ಲಿ ಕ್ಯಾಲಿಫೋರ್ನಿಯದ ಥ್ರಾಷರ್ ಎಂಬ ಹಕ್ಕಿಯ ವಿಷಯವಾಗಿ ಬರೆಯುವಾಗ ಈ ಮಾತನ್ನು ಬಳಸಿದನು. ದಟ್ಟವಾದ ಕುರುಚಲು ಪೊದೆಗಳ ನಡುವೆ ಬಾಳುವ ಈ ಹಕ್ಕಿಗೆ ರೆಕ್ಕೆಗಳು ಮೊಟಕು, ಕಾಲುಗಳು ಬಲಿಷ್ಠ, ಕೊಕ್ಕು ತರಗನ್ನು ಕೆದಕಲು ಬಾಗಿದ್ದು. ಅದರ ಮೈಯೂ ಬದುಕೂ ಪೊದೆಗೆ ಹೊಂದಿಕೊಂಡಿವೆ.

ಮುಂದೆ 1927ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್, ಪ್ರಾಣಿಯು ಏನನ್ನು ತಿನ್ನುವುದು, ಯಾವುದಕ್ಕೆ ಆಹಾರವಾಗುವುದು ಎಂಬುದಕ್ಕೆ ಒತ್ತು ಕೊಟ್ಟು ಈ ಕಲ್ಪನೆಯನ್ನು ವಿಸ್ತರಿಸಿದನು. ಪ್ರಾಣಿ ವಾಸಿಸುವ ಜಾಗ ಅದರ ವಿಳಾಸವಾದರೆ, ಗೂಡು ಅದರ ಕಸಬು ಎಂಬ ಹೋಲಿಕೆಯನ್ನು ಯೂಜೀನ್ ಓಡಮ್ ಎಂಬ ಪರಿಸರಶಾಸ್ತ್ರಜ್ಞನು ಕೊಟ್ಟಿದ್ದಾನೆ. ಈ ಲೇಖನದಲ್ಲಿ ಗೂಡು ಎಂಬ ಪದವನ್ನು ನಾವು ಇದೇ ಅರ್ಥದಲ್ಲಿ ಬಳಸುತ್ತೇವೆ.

ಒಂದು ಪ್ರಸಿದ್ಧ ಪ್ರಯೋಗ

ಎರಡು ಜೀವಿಗಳು ಒಂದೇ ಕಸಬಿಗೆ ಕೈಹಾಕಿದರೆ ಏನಾಗುವುದು? ಮಾಸ್ಕೋದ ಯುವಕ ವಿಜ್ಞಾನಿ ಗೌಸ್ ಎಂಬಾತನು ಇದನ್ನು ಪರೀಕ್ಷಿಸಿ, 1934ರಲ್ಲಿ ಫಲಿತಾಂಶಗಳನ್ನು ಪುಸ್ತಕವಾಗಿ ಪ್ರಕಟಿಸಿದನು. ಆತ ಆರಿಸಿಕೊಂಡುದು ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯ ಎರಡು ಜಾತಿಗಳನ್ನು: ಒಂದು ಆರೇಲಿಯ, ಇನ್ನೊಂದು ಕಾಡೇಟಂ. ಬೇರೆ ಬೇರೆ ನಳಿಕೆಗಳಲ್ಲಿಟ್ಟು ಬ್ಯಾಕ್ಟೀರಿಯಗಳನ್ನು ಆಹಾರವಾಗಿ ಕೊಟ್ಟಾಗ ಎರಡೂ ಚೆನ್ನಾಗಿ ವೃದ್ಧಿಯಾದುವು. ಒಂದೇ ನಳಿಕೆಯಲ್ಲಿ ಕೂಡಿಸಿಟ್ಟಾಗಲೂ ಮೊದಲ ಕೆಲವು ದಿನ ಎರಡೂ ಹೆಚ್ಚಿದುವು. ಅನಂತರ ಕಾಡೇಟಂ ಕ್ರಮೇಣ ಕ್ಷೀಣಿಸಿ ಇಲ್ಲವಾಯಿತು. ಆರೇಲಿಯ ಮಾತ್ರ ಉಳಿಯಿತು. ಆ ಸನ್ನಿವೇಶದಲ್ಲಿ ಆಹಾರವನ್ನು ಬಳಸಿಕೊಳ್ಳುವುದರಲ್ಲಿ ಆರೇಲಿಯ ಸ್ವಲ್ಪ ಮುಂದಿತ್ತು. ಆ ಸ್ವಲ್ಪವೇ ಸಾಕಾಯಿತು.

ಗೌಸನ ಇನ್ನೊಂದು ಪ್ರಯೋಗ ಇದಕ್ಕಿಂತಲೂ ಮುಖ್ಯವಾದುದು. ಸೋತ ಕಾಡೇಟಂ ಜಾತಿಯನ್ನೇ ಬರ್ಸೇರಿಯ ಎಂಬ ಮೂರನೆಯ ಜಾತಿಯೊಡನೆ ಇಟ್ಟಾಗ ಎರಡೂ ಉಳಿದುವು. ಬರ್ಸೇರಿಯ ನಳಿಕೆಯ ತಳಭಾಗದಲ್ಲಿ ಯೀಸ್ಟನ್ನು ತಿಂದು ಬದುಕಿತು. ಕಾಡೇಟಂ ಮೇಲ್ಭಾಗದಲ್ಲಿ ಬ್ಯಾಕ್ಟೀರಿಯಗಳನ್ನು ತಿಂದು ಬದುಕಿತು. ಮೊದಲ ನಳಿಕೆಯಲ್ಲಿ ಕಾಡೇಟಂ ಸೋತುದು ಅದು ದುರ್ಬಲವಾದುದರಿಂದಲ್ಲ, ಬೇರೊಂದು ಜೀವಿಯ ಗೂಡಿನಲ್ಲಿಯೇ ಇಳಿಯಬೇಕಾದುದರಿಂದ ಎಂಬುದು ಇದರಿಂದ ಸ್ಪಷ್ಟವಾಗುವುದು.

ಜಾಲದಲ್ಲಿ ಆಹಾರ ಯಾವುದು?

ಜಾಲತಾಣಕ್ಕೆ ಆಹಾರವೆಂದರೆ ಓದುಗರ ಗಮನ. ಜಾಹೀರಾತಿನಿಂದಾಗಲಿ, ಸರಕಿನ ಮಾರಾಟದಿಂದಾಗಲಿ, ಚಂದಾದಿಂದಾಗಲಿ ಬರುವ ಹಣವೆಲ್ಲ ಈ ಗಮನದಿಂದಲೇ ಹುಟ್ಟತಕ್ಕದ್ದು. ಆದರೆ ಈ ಆಹಾರ ಎಲ್ಲರಿಗೂ ಸಮವಾಗಿ ಹಂಚಿಕೆಯಾಗುವುದಿಲ್ಲ. ಯಾವುದಾದರೊಂದು ವಿಷಯವನ್ನು ಜಾಲದಲ್ಲಿ ಹುಡುಕುವವರಲ್ಲಿ ಹೆಚ್ಚಿನವರು ಮೊದಲ ಪುಟದ ಮೇಲ್ಭಾಗದಲ್ಲಿರುವ ಕೆಲವು ತಾಣಗಳನ್ನಷ್ಟೇ ತೆರೆದು ನೋಡುತ್ತಾರೆ.

ಆ ಮೇಲ್ಭಾಗದ ಸ್ಥಾನ ಯಾರಿಗೆ ದೊರೆಯುವುದು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲ್ಯಾರಿ ಪೇಜ್ ಮತ್ತು ಸರ್ಗೈ ಬ್ರಿನ್ ಎಂಬ ಇಬ್ಬರು ವಿದ್ಯಾರ್ಥಿಗಳು 1998ರಲ್ಲಿ ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದಾಗ ಅದರ ಆಧಾರಸೂತ್ರ ಸರಳವಾಗಿತ್ತು: ಯಾವ ಪುಟದ ಕಡೆಗೆ ಇತರ ಮುಖ್ಯ ಪುಟಗಳು ಕೈತೋರಿಸುತ್ತವೆಯೋ ಆ ಪುಟ ಮುಖ್ಯವಾದುದು. ಇಂದು ಇದರೊಡನೆ ಇನ್ನೂ ಅನೇಕ ಅಂಶಗಳು ಗಣನೆಗೆ ಬರುತ್ತವೆ. ಆದರೂ ಈ ತತ್ತ್ವ ಉಳಿದಿದೆ. 1999ರಲ್ಲಿ ಬರಬಾಸಿ ಮತ್ತು ಆಲ್ಬರ್ಟ್ ಎಂಬ ಭೌತವಿಜ್ಞಾನಿಗಳು ಇಂತಹ ಜಾಲಗಳು ಬೆಳೆಯುವ ಬಗೆಯನ್ನು ವಿವರಿಸಿದರು. ಹೊಸದಾಗಿ ಬರುವ ಪುಟಗಳು ಈಗಾಗಲೇ ಹೆಚ್ಚು ಕೊಂಡಿಗಳಿರುವ ಪುಟಗಳಿಗೇ ತಮ್ಮ ಕೊಂಡಿಗಳನ್ನು ಬೆಸೆಯುತ್ತವೆ. ಆದುದರಿಂದ ಉಳ್ಳವನಿಗೆ ಇನ್ನಷ್ಟು ಸೇರುತ್ತ ಹೋಗುವುದು. ಮೊದಲು ಬಂದು ಬೇರೂರಿದ ತಾಣ ಹಾಗೆಯೇ ಬಲಿಯುತ್ತದೆ. ಹೊಸಬನು ಅದೇ ವಿಷಯವನ್ನು ಅದೇ ರೀತಿಯಲ್ಲಿ ಬರೆಯಹೊರಟರೆ ಗೌಸನ ಮೊದಲ ನಳಿಕೆಗೆ ಇಳಿದಂತೆಯೇ ಸರಿ.

ಮತ್ತೊಂದು ಮಾತು. 2024ರಿಂದ ಗೂಗಲ್ ನಮ್ಮ ದೇಶದಲ್ಲಿಯೂ ಅನೇಕ ಪ್ರಶ್ನೆಗಳಿಗೆ ಕೃತಕ ಬುದ್ಧಿಯಿಂದ ಸಿದ್ಧಪಡಿಸಿದ ಸಾರಾಂಶವನ್ನು ಉತ್ತರಗಳ ಮೇಲ್ಭಾಗದಲ್ಲಿ ತೋರಿಸುತ್ತಿದೆ. ಹತ್ತು ಕಡೆ ದೊರೆಯುವ ಸಾಮಾನ್ಯ ತಿಳಿವಳಿಕೆಗಾಗಿ ಓದುಗನು ಹೊಸ ತಾಣವೊಂದನ್ನು ತೆರೆಯುವ ಅಗತ್ಯವೇ ಇದರಿಂದ ಕಡಿಮೆಯಾಗುವುದು. ಹತ್ತರ ಜೊತೆಗೆ ಹನ್ನೊಂದನೆಯದಾಗುವ ತಾಣಕ್ಕೆ ಈಗ ಹಿಂದಿಗಿಂತಲೂ ಇಕ್ಕಟ್ಟು.

ಒಂದು ಲೆಕ್ಕ

ಹಾಗಾದರೆ ಲಾಭದ ಗೂಡನ್ನು ಗುರುತಿಸುವುದು ಹೇಗೆ? ಮೂರು ಸಂಖ್ಯೆಗಳನ್ನು ಗುಣಿಸಬೇಕು. ತಿಂಗಳಿಗೆ ಆ ವಿಷಯವನ್ನು ಹುಡುಕುವವರ ಸಂಖ್ಯೆ ಮೊದಲನೆಯದು. ಅವರಲ್ಲಿ ನಮ್ಮ ಪಾಲಿಗೆ ಬರುವ ಅಂಶ ಎರಡನೆಯದು. ಬಂದ ಒಬ್ಬೊಬ್ಬ ಓದುಗನಿಂದ ಸರಾಸರಿ ದೊರೆಯುವ ಹಣ ಮೂರನೆಯದು.

ಲೆಕ್ಕಕ್ಕಾಗಿ ಕೆಲವು ಸಂಖ್ಯೆಗಳನ್ನು ಊಹಿಸಿಕೊಳ್ಳೋಣ. 'ಆರೋಗ್ಯ' ಎಂಬ ವಿಶಾಲ ವಿಷಯವನ್ನು ತಿಂಗಳಿಗೆ 10,00,000 ಮಂದಿ ಹುಡುಕುವರೆಂದೂ, ಪೈಪೋಟಿ ಬಹಳವಿರುವುದರಿಂದ ನಮಗೆ 20,000ಕ್ಕೆ ಒಬ್ಬರಂತೆ ಬರುವರೆಂದೂ, ಒಬ್ಬರಿಂದ 1 ರೂಪಾಯಿ ದೊರೆಯುವುದೆಂದೂ ಇಟ್ಟುಕೊಂಡರೆ, ಬರುವ ಓದುಗರು 50, ಹಣ 50 ರೂಪಾಯಿ. 'ಅಡಕೆ ತೋಟದ ರೋಗಗಳು' ಎಂಬ ವಿಷಯವನ್ನು 20,000 ಮಂದಿ ಹುಡುಕಿ, ಹತ್ತಕ್ಕೆ ಒಬ್ಬರು ನಮ್ಮಲ್ಲಿಗೆ ಬಂದು, ಒಬ್ಬರಿಂದ 50 ಪೈಸೆ ದೊರೆತರೆ, ಓದುಗರು 2,000, ಹಣ 1,000 ರೂಪಾಯಿ. 'ನಮ್ಮ ಬೀದಿಯ ಇತಿಹಾಸ' ಎಂಬ ವಿಷಯವನ್ನು 30 ಮಂದಿ ಮಾತ್ರ ಹುಡುಕಿ, ಎಲ್ಲರೂ ನಮ್ಮಲ್ಲಿಗೇ ಬಂದರೂ, 50 ಪೈಸೆಯಂತೆ ದೊರೆಯುವುದು 15 ರೂಪಾಯಿ.

ಮೊದಲನೆಯದರಲ್ಲಿ ಆಹಾರ ಹೇರಳವಾಗಿದೆ, ಆದರೆ ಗೂಡು ತುಂಬಿದೆ. ಮೂರನೆಯದರಲ್ಲಿ ಗೂಡು ಖಾಲಿಯಿದೆ, ಆದರೆ ಆಹಾರವಿಲ್ಲ. ಯಾರೂ ಇಲ್ಲದ ಕಡೆಯೆಲ್ಲ ಲಾಭದ ಕಡೆಯೆಂದು ತಿಳಿಯುವುದೂ ತಪ್ಪೇ. ಗುಣಾಕಾರದಲ್ಲಿ ಒಂದು ಅಂಶ ಸೊನ್ನೆಯ ಬಳಿ ಬಂದರೆ ಉಳಿದೆರಡು ಎಷ್ಟೇ ದೊಡ್ಡವಾದರೂ ಗುಣಲಬ್ಧ ಮೇಲೇಳುವುದಿಲ್ಲ.

ಗೂಡಿನ ಅಗಲವನ್ನೂ ನೋಡಬೇಕು. ಅಡಕೆಯ ಕೊಳೆರೋಗ ಮಳೆಗಾಲದ ಕಾಯಿಲೆ. ಅದೊಂದನ್ನೇ ಕುರಿತ ತಾಣಕ್ಕೆ ಮುಂಗಾರಿನಲ್ಲಿ ಹಬ್ಬ, ಬೇಸಗೆಯಲ್ಲಿ ಉಪವಾಸ. ತೋಟದ ಇಡೀ ವರ್ಷದ ಕೆಲಸಗಳನ್ನು ಸೇರಿಸಿಕೊಂಡರೆ ಆಹಾರ ವರ್ಷವೆಲ್ಲ ಇರುವುದು. 'ಕೃಷಿ' ಎಂದು ಇನ್ನೂ ಹಿಗ್ಗಿಸಿದರೆ ಮತ್ತೆ ದೊಡ್ಡವರ ನಳಿಕೆಯೇ ಗತಿ.

ಗೂಡಿಗೆ ತಕ್ಕ ಮೈ

ಥ್ರಾಷರ್ ಹಕ್ಕಿಗೆ ಪೊದೆ ಹೇಗೋ ಹಾಗೆ ನಮ್ಮ ಅರಿವಿಗೂ ಅನುಭವಕ್ಕೂ ವಿಷಯ ಹೊಂದಿರಬೇಕು. ಅಡಕೆ ತೋಟದ ಮನೆಯಲ್ಲಿ ಬೆಳೆದ ಹುಡುಗಿಯೊಬ್ಬಳು ಬೋರ್ಡೋ ದ್ರಾವಣದ ವಿಷಯವಾಗಿ ಬರೆಯುತ್ತಾಳೆನ್ನೋಣ. ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ, ನೂರು ಲೀಟರು ನೀರು ಎಂಬ ಪ್ರಮಾಣ ಎಲ್ಲ ಕಡೆಯೂ ದೊರೆಯುವುದು. ಆದರೆ ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಹೊಳಪಿನ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ನೋಡುವುದನ್ನೂ, ಅಲಗಿನ ಮೇಲೆ ಕೆಂಪಾಗಿ ತಾಮ್ರ ಕೂತರೆ ಸುಣ್ಣ ಸಾಲದೆಂದು ಇನ್ನಷ್ಟು ಬೆರೆಸುವುದನ್ನೂ ಆಕೆ ಕಣ್ಣಾರೆ ಕಂಡಿದ್ದಾಳೆ. ಯಾವ ಸುಣ್ಣ ಬೇಗ ಕರಗುವುದು, ಎಷ್ಟು ಹೊತ್ತಿನೊಳಗೆ ಸಿಂಪಡಿಸಿ ಮುಗಿಸಬೇಕು ಎಂಬ ಪ್ರಶ್ನೆಗಳಿಗೂ ಆಕೆಯ ಮನೆಯಲ್ಲಿಯೇ ಉತ್ತರವಿದೆ. ಹೀಗೆ ಬರೆದುದನ್ನು ನಕಲು ಮಾಡಬಹುದು. ಆದರೆ ಮುಂದಿನ ಪ್ರಶ್ನೆಗೆ ಉತ್ತರ ಹೇಳುವುದು ನಕಲುಗಾರನಿಂದಾಗದು.

ಸುಣ್ಣ ಸಾಲದ ದ್ರಾವಣ ಆಮ್ಲೀಯವಾಗಿ ಗಿಡವನ್ನೇ ಸುಡುತ್ತದೆ. ತಿಳಿಯದವನು ಬರೆದ ಒಂದು ಸಾಲಿನಿಂದ ಒಂದು ಸಂಸಾರದ ವರ್ಷದ ಫಸಲಿಗೆ ಹಾನಿಯಾಗಬಹುದು. ಔಷಧ, ಸಾಲ, ವಿಮೆ ಮುಂತಾದ ವಿಷಯಗಳಲ್ಲಿ ಜಾಹೀರಾತಿನ ದರ ಹೆಚ್ಚೆಂಬುದು ನಿಜ. ಹಣ ಹೆಚ್ಚೆಂಬ ಒಂದೇ ಕಾರಣಕ್ಕೆ ಅಂತಹ ವಿಷಯವನ್ನು ಅರಿಯದೆ ಕೈಗೆತ್ತಿಕೊಂಡವನು ಓದುಗನ ಮೈಯನ್ನೋ ಮನೆಯನ್ನೋ ಪಣಕ್ಕಿಡುತ್ತಾನೆ.

ಪುಸ್ತಕಗಳನ್ನು ಆರಿಸಿದ ಬಗೆ

ಈ ವಿಚಾರಕ್ಕೆ ಚರಿತ್ರೆಯಿಂದ ಒಂದು ನಿದರ್ಶನವನ್ನು ಕೊಡಬಹುದು. 1994ರಲ್ಲಿ ನ್ಯೂಯಾರ್ಕಿನ ಹಣಕಾಸಿನ ಸಂಸ್ಥೆಯೊಂದರಲ್ಲಿದ್ದ ಜೆಫ್ ಬೆಜೋಸ್, ಜಾಲದ ಬಳಕೆ ವರ್ಷಕ್ಕೆ ಶೇಕಡ 2,300ರಂತೆ ಏರುತ್ತಿದೆಯೆಂದು ಓದಿದನು. ಜಾಲದಲ್ಲಿ ಮಾರಬಹುದಾದ ಇಪ್ಪತ್ತು ಬಗೆಯ ಸರಕುಗಳ ಪಟ್ಟಿಯನ್ನು ಆತ ಮಾಡಿದನು; ಅದರಿಂದ ಒಂದನ್ನು ಆರಿಸಿಕೊಂಡನು: ಪುಸ್ತಕ. ಕಾರಣವೇನು? ಜಗತ್ತಿನಲ್ಲಿ ಆಗ ಮುದ್ರಣದಲ್ಲಿದ್ದ ಪುಸ್ತಕಗಳು 30 ಲಕ್ಷಕ್ಕೂ ಹೆಚ್ಚು. ಎರಡನೆಯ ಸ್ಥಾನದಲ್ಲಿದ್ದ ಸಂಗೀತದ ಸಿ.ಡಿ.ಗಳು ಕೆಲವು ಲಕ್ಷ ಮಾತ್ರ. ಎಷ್ಟೇ ದೊಡ್ಡ ಅಂಗಡಿಯಾದರೂ ಅಷ್ಟು ಪುಸ್ತಕಗಳನ್ನು ಇಡಲಾರದು. ಅಂಗಡಿ ಮಾಡಲಾರದ, ಜಾಲ ಮಾತ್ರ ಮಾಡಬಲ್ಲ ಕಸಬು ಅಲ್ಲಿ ಖಾಲಿಯಿತ್ತು. 1995ರ ಜುಲೈಯಲ್ಲಿ ಅಮೆಜಾನ್ ಎಂಬ ಹೆಸರಿನ ಆ ತಾಣ ತೆರೆಯಿತು.

ಅದು ಸಂಗೀತದ ಮಾರಾಟಕ್ಕೆ ಕೈಹಾಕಿದುದು 1998ರಲ್ಲಿ, ಪುಸ್ತಕದ ಗೂಡಿನಲ್ಲಿ ಗಟ್ಟಿಯಾಗಿ ನೆಲೆನಿಂತ ಮೇಲೆ. ಮೊದಲ ಬಾರಿ ಲಾಭ ಕಂಡುದು 2001ರ ಕೊನೆಯ ಮೂರು ತಿಂಗಳಲ್ಲಿ. ಸಣ್ಣ ಗೂಡು ಕೊನೆಯವರೆಗೂ ಸಣ್ಣದಾಗಿಯೇ ಇರಬೇಕಿಲ್ಲ; ಆದರೆ ಸರಿಯಾದ ಗೂಡಿನಲ್ಲಿಯೂ ಫಲ ಕೈಸೇರಲು ಕಾಲ ಬೇಕೆಂಬುದು ಇದರಿಂದ ತಿಳಿಯುವುದು.

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಹಕ್ಕಿ ತನ್ನ ಗೂಡನ್ನು ಯೋಚಿಸಿ ಆರಿಸಿಕೊಂಡುದಲ್ಲ. ಅದು ಸಾವಿರಾರು ತಲೆಮಾರುಗಳ ಅಳಿವು ಉಳಿವಿನಿಂದ ಒದಗಿದುದು. ನಮಗೆ ಕಾಗದದ ಮೇಲೆ ಲೆಕ್ಕ ಹಾಕಿ, ಸೋಲುವ ಮೊದಲೇ ದಾರಿ ಬದಲಿಸುವ ಅನುಕೂಲವಿದೆ. ಅದನ್ನು ಬಳಸಿಕೊಳ್ಳುವುದು ಜಾಣತನ.

ಮಾಡಿ ನೋಡಿ

ಒಂದು ಹಾಳೆಯಲ್ಲಿ ನಿಮಗೆ ಸ್ವಾನುಭವದಿಂದ ಗೊತ್ತಿರುವ ಹತ್ತು ವಿಷಯಗಳನ್ನು ಬರೆಯಿರಿ. ಒಂದೊಂದರ ಎದುರಿಗೂ ನಾಲ್ಕು ಅಂಕಣಗಳನ್ನು ಎಳೆಯಿರಿ. ಮೊದಲನೆಯದರಲ್ಲಿ, ಅದನ್ನು ಹುಡುಕುವವರು ಇದ್ದಾರೆಯೇ, ವರ್ಷದ ಯಾವ ತಿಂಗಳುಗಳಲ್ಲಿ ಹೆಚ್ಚು ಎಂಬುದನ್ನು ಗೂಗಲ್ ಟ್ರೆಂಡ್ಸ್‌ನಲ್ಲಿ ನೋಡಿ ಬರೆಯಿರಿ. ಎರಡನೆಯದರಲ್ಲಿ, ಆ ವಿಷಯವನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಹುಡುಕಿ, ಮೇಲಿನ ಹತ್ತು ತಾಣಗಳು ಯಾರವು, ಅವು ಯಾವ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ ಎಂಬುದನ್ನು ಗುರುತು ಮಾಡಿ. ಭಾಷೆ ಬದಲಾದರೆ ಗೂಡೂ ಬದಲಾಗುವುದನ್ನು ಇಲ್ಲಿ ಕಾಣುವಿರಿ. ಮೂರನೆಯದರಲ್ಲಿ, ಆ ಓದುಗನಿಗೆ ಯಾರು ಏನನ್ನು ಮಾರಲು ಬಯಸುವರೆಂದು ಬರೆಯಿರಿ. ಅಂತಹವರು ಯಾರೂ ಇಲ್ಲದಿದ್ದರೆ ಹಣದ ಅಂಶ ಸೊನ್ನೆ. ನಾಲ್ಕನೆಯದರಲ್ಲಿ, ಬೇರೆಡೆ ನೋಡದೆ ಆ ವಿಷಯದಲ್ಲಿ ನೀವೇ ಬರೆಯಬಲ್ಲ ಇಪ್ಪತ್ತು ಲೇಖನಗಳ ಹೆಸರುಗಳನ್ನು ಪಟ್ಟಿಮಾಡಿ.

ನಾಲ್ಕು ಅಂಕಣಗಳೂ ತುಂಬಿದ ಸಾಲು ಹತ್ತರಲ್ಲಿ ಒಂದೇ ಇರಬಹುದು. ಅಂತಹ ಸಾಲು ಒಂದೂ ಇಲ್ಲದಿದ್ದರೆ, ಎರಡು ವರ್ಷಗಳ ಶ್ರಮವನ್ನು ಒಂದು ಸಂಜೆಯ ಲೆಕ್ಕದಿಂದ ಉಳಿಸಿದಂತಾಯಿತು. ಒಂದು ಇದ್ದರೆ, ಕೆಲಸವನ್ನು ಅಲ್ಲಿಂದಲೇ ಆರಂಭಿಸಬಹುದು.