ಶರದೃತುವಿನ ವೆಚ್ಚ

ಇಟಲಿಯ ನಗರಗಳಲ್ಲಿ ಶರತ್ಕಾಲವನ್ನು ಕಳೆಯಬೇಕೆಂಬ ಅಭಿಲಾಷೆ ರಾಯಚೂರಿನ ಸಂಬಳದಾರರ ಮನೆಗಳಲ್ಲಿಯೂ ಈಗ ಅಪರೂಪವಲ್ಲ. ಆಲ್ಬಾದಲ್ಲಿ ನೆಲದೊಳಗಿನಿಂದ ಅಗೆದು ತೆಗೆಯುವ ಬಿಳಿಯ ಟ್ರಫಲನ್ನೂ ಟಸ್ಕನಿಯ ಹೊಸ ಆಲಿವ್ ಎಣ್ಣೆಯನ್ನೂ ಅವು ಹುಟ್ಟುವ ಋತುವಿನಲ್ಲಿ, ಹುಟ್ಟುವ ನೆಲದಲ್ಲಿಯೇ ಸವಿಯಬೇಕೆಂಬ ಆಸೆ ನಿಂದ್ಯವೂ ಅಲ್ಲ. ನನಗೂ ಆ ಆಸೆಯುಂಟು. ಆದರೆ ಅದರ ಲೆಕ್ಕವನ್ನು ಬರೆಯಲು ಕುಳಿತಾಗ, ವಿಮಾನದ ದರ, 90 ಯೂರೋಗಳ ವೀಸಾ ಶುಲ್ಕ, 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ, ಹಣದ ವಿನಿಮಯದಲ್ಲಿ ಸೋರಿಹೋಗುವ ಅಂಶ, ಇವೆಲ್ಲವೂ ಮೊದಲ ತುತ್ತಿಗೆ ಮುನ್ನವೇ ಸಲ್ಲಬೇಕಾದ ಬಾಬ್ತುಗಳೆಂಬುದು ಕಂಡುಬಂದು, ಪ್ರವಾಸಕ್ಕೆ ಕೊಟ್ಟ ರೂಪಾಯಿಯಲ್ಲಿ ಕಣ್ಣಿಗೂ ನಾಲಗೆಗೂ ತಲಪುವ ಆಣೆಗಳೆಷ್ಟು ಎಂಬುದೇ ಅದರ ನಿಜವಾದ ಅಳತೆಯೆಂಬ ನಿಶ್ಚಯಕ್ಕೆ ನಾನು ಬಂದೆನು.

ಆ ಅಳತೆಯಿಂದ ನೋಡಿದರೆ, ಕೃಷ್ಣೆ ತುಂಗಭದ್ರೆಯರ ನಡುವಣ ನಮ್ಮ ಸೀಮೆಯು ಮಿತವ್ಯಯಿಗೆ ದೊರೆತ ದೊಡ್ಡ ಭಾಗ್ಯ. ರಾಯಚೂರಿನ ಕೋಟೆಯನ್ನು 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದನೆಂದು ಸಾರುವ, ಸುಮಾರು 41 ಅಡಿ ಉದ್ದದ ಆ ಶಿಲಾಫಲಕದ ಮುಂದೆಯೂ, ಅಂತಹ ಬಂಡೆಯನ್ನು ಬಂಡಿಯ ಮೇಲೇರಿಸಿ ಎಳೆದು ತಂದ ಬಗೆಯನ್ನು ಗೋಡೆಯ ಮೇಲೆ ಕೊರೆದಿಟ್ಟ ಚಿತ್ರದ ಮುಂದೆಯೂ ಒಂದು ಮುಂಜಾನೆಯನ್ನೆಲ್ಲ ಕಳೆಯಬಹುದು. 1520ರಲ್ಲಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲಶಾಹನೂ ಹೋರಾಡಿದುದು ಈ ಕೋಟೆಗಾಗಿಯೇ. ಆ ಯುದ್ಧಕ್ಕೂ ಕೆಲವು ವರ್ಷ ಹಿಂದಿನ ಏಕ್ ಮಿನಾರ್ ಮಸೀದಿಯು ಊರೊಳಗೆಯೇ ಇದೆ.

ಆಶ್ವಯುಜದಲ್ಲಿ ಮಾನ್ವಿಯ ಕಡೆಗೆ ಹೋಗುವವನಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ತೆನೆಬಾಗಿದ ಭತ್ತವೂ, ದೇವದುರ್ಗದ ಕಡೆಗೆ ಹೋಗುವವನಿಗೆ ಬಾಯಿಬಿಟ್ಟ ಹತ್ತಿಯ ಕಾಯಿಗಳೂ ಹಾದಿಯುದ್ದಕ್ಕೂ ಜೊತೆಯಾಗುವುವು. ಮಾನ್ವಿಯಲ್ಲಿ ಹರಿಕಥಾಮೃತಸಾರದ ಜಗನ್ನಾಥದಾಸರ ಸನ್ನಿಧಿ. ಅದೇ ಸೀಮೆಯ ಚೀಕಲಪರ್ವಿಯಲ್ಲಿ ವಿಜಯದಾಸರು ಹುಟ್ಟಿದ ನದೀತೀರ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಹಳೆಯ ದೇಗುಲಗಳ, ಶಾಸನಗಳ ಸಮೂಹ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಿಂದಾಗಿ ನನ್ನ ಮನೆಯಾಕೆಗೆ ಸಾರಿಗೆ ನಿಗಮದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿನ ಹಣವಿಲ್ಲವಾಗಿ, ಉಳಿದುದು ನೇರವಾಗಿ ಊಟದ ಬಾಬ್ತಿಗೆ ಸೇರುತ್ತದೆ.

ಊಟದ ಮಾತಿಗೆ ಬಂದರೆ ಲೇಖನಿ ತಡೆಯುವುದಿಲ್ಲ. ಬೆಳಗಿಗೆ ಮಂಡಾಳ ಒಗ್ಗರಣಿ, ಮೇಲೊಂದು ಬಿಸಿ ಮಿರ್ಚಿ; ಮಧ್ಯಾಹ್ನ ಖಾನಾವಳಿಯ ಕಟ್ಟೆಯ ಮೇಲೆ, ಒಲೆಯಿಂದ ಆಗತಾನೆ ಇಳಿದ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಹುಳಿಯೇರಿದ ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಸೀಗಿ ಹುಣ್ಣಿಮೆಯ ದಿನ ಪರಿಚಿತ ಒಕ್ಕಲಿಗರ ಹೊಲಕ್ಕೆ ಕರೆ ಬಂದಿತೆಂದರೆ, ಭೂತಾಯಿಗೆ ಪೂಜೆಯಾಗಿ, ಹೊಲದ ಸುತ್ತ ಚರಗ ಚೆಲ್ಲಿಯಾದ ಮೇಲೆ, ಪೈರಿನ ನಡುವೆಯೇ ಕುಳಿತುಣ್ಣುವ ಆ ಕಡುಬು ಹೋಳಿಗೆಗಳ ಸವಿಯನ್ನು ಯಾವ ನಗರದ ಭೋಜನಶಾಲೆಯೂ ಮಾರಲಾರದು. ಋತುವನ್ನೂ ನೆಲವನ್ನೂ ಒಮ್ಮೆಗೇ ಉಣ್ಣುವುದೇ ಶರದ್ಯಾತ್ರೆಯ ಸಾರವಾದರೆ, ಅದು ಇಲ್ಲಿ ಸಂಪೂರ್ಣವಾಗಿ ದೊರೆಯುತ್ತದೆ.

ಇಟಲಿಗೆ ಹೋಗಬಾರದೆಂದು ನಾನು ಹೇಳುತ್ತಿಲ್ಲ. ಸಾಲ ಮಾಡಿ ಹೋಗಬಾರದೆಂಬುದನ್ನು ಮಾತ್ರ ದೃಢವಾಗಿ ಹೇಳುತ್ತೇನೆ. ತಿಂದು ಮುಗಿದ ಊಟಕ್ಕೆ ವರುಷಗಟ್ಟಲೆ ಬಡ್ಡಿ ತೆರುವುದು ಗೃಹಸ್ಥನಿಗೆ ಉಚಿತವಲ್ಲ. ನಾನು ಪ್ರವಾಸಕ್ಕೆಂದೇ ಬೇರೆಯೊಂದು ಆವರ್ತ ಠೇವಣಿಯನ್ನಿಟ್ಟು, ಮನೆಖರ್ಚಿನ ಹಣವನ್ನು ಅದಕ್ಕೆ ಬೆರೆಸದೆ ನಡೆದುಬಂದಿದ್ದೇನೆ. ಈ ಕಾರ್ತಿಕದಲ್ಲಿಯೇ ತಾವೂ ತಿಂಗಳಿಗೆ 500 ರೂಪಾಯಿಯಂತೆ ಒಂದು ಖಾತೆ ತೆರೆಯಿರಿ. ಹನ್ನೆರಡು ತಿಂಗಳಿಗೆ ಬಡ್ಡಿಯ ಹೊರತು 6,000 ರೂಪಾಯಿ ಕೈಸೇರುವುದು. ಅದರಲ್ಲಿ ಮಾನ್ವಿ ದೇವದುರ್ಗಗಳನ್ನು ಮನೆಮಂದಿಯೊಡನೆ ನೋಡಿ ಬನ್ನಿರಿ. ರೊಟ್ಟಿ ಬಡಿಯುವ ತಾಯಂದಿರೊಡನೆ ಮಾತ್ರ ಬೆಲೆಗಾಗಿ ಚೌಕಾಸಿ ಮಾಡಬೇಡಿರಿ.